ಅಪ್‌ಗ್ರೇಡ್ ಕೈಕೊಟ್ಟಾಗ ವಿಂಡೋಸ್‌ನ ರಿಕವರಿ ಟೂಲ್‌ಗಳು: ಯಾವುದನ್ನು ನಂಬಬಹುದು, ಯಾವುದಕ್ಕೆ ಆತುರಪಡಬಾರದು

ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಹೆಸರು ಕೊಟ್ಟ ಮನೆಬಳಕೆಯ ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ವಾಯಿದೆ ಸಿಕ್ಕಿತು, ಅಷ್ಟೇ. ಹಾಗಾಗಿ ಮನೆ, ಅಂಗಡಿ, ಶಾಲೆಗಳ ಐದಾರು ವರ್ಷ ಹಳೆಯ ಲ್ಯಾಪ್‌ಟಾಪ್‌ಗಳು ಒಂದೊಂದಾಗಿ ವಿಂಡೋಸ್ 11ಕ್ಕೆ ಏರುತ್ತಿವೆ. ಹೆಚ್ಚಿನವು ತೊಂದರೆಯಿಲ್ಲದೆ ಏರುತ್ತವೆ. ಕೆಲವು ಅರ್ಧಕ್ಕೆ ನಿಲ್ಲುತ್ತವೆ. ಶೇಕಡಾ 71ರಲ್ಲಿ ಗಂಟೆಗಟ್ಟಲೆ ನಿಂತ ಪರದೆ, ಕಪ್ಪು ಪರದೆಯ ಮೇಲೆ ಬರೀ ಮೌಸ್ ಬಾಣ, ಇಲ್ಲವೇ ‘ಚೂಸ್ ಆನ್ ಆಪ್ಷನ್’ ಎಂಬ ನೀಲಿ ಪರದೆ.

ಆ ನೀಲಿ ಪರದೆಯ ಹಿಂದೆ ಇರುವ ಟೂಲ್‌ಗಳ ವಿಮರ್ಶೆ ಇದು. ಹಣ ಕೊಟ್ಟು ಕೊಳ್ಳುವ ಯಾವ ಸಾಫ್ಟ್‌ವೇರ್ ಬಗ್ಗೆಯೂ ಇಲ್ಲಿ ಹೇಳುತ್ತಿಲ್ಲ, ಏಕೆಂದರೆ ಬೇಕಾದ್ದೆಲ್ಲ ವಿಂಡೋಸ್‌ನೊಳಗೋ ಮೈಕ್ರೋಸಾಫ್ಟ್ ತಾಣದಲ್ಲೋ ಇದೆ. ಈ ಪರದೆಯನ್ನು ಹಿಂದೆಂದೂ ನೋಡಿರದವರ ಕೈಗೆ ಇವು ಎಷ್ಟು ಒಗ್ಗುತ್ತವೆ ಎಂಬ ಒಂದೇ ಅಳತೆಯಲ್ಲಿ ಅಂಕ ಕೊಟ್ಟಿದ್ದೇವೆ. ಟೂಲ್‌ಗಳು ಒಳ್ಳೆಯವೇ. ಆದರೆ ಯಾವ ಗುಂಡಿ ಏನನ್ನು ಉಳಿಸುತ್ತದೆ, ಏನನ್ನು ಅಳಿಸುತ್ತದೆ ಎಂದು ಅವುಗಳ ಹೆಸರು ಹೇಳುವುದಿಲ್ಲ. ಹೆದರಿದ ಮನುಷ್ಯ ಮೊದಲು ಒತ್ತುವುದು ‘ರಿಸೆಟ್’ ಗುಂಡಿಯನ್ನು. ಅದು ಕೊನೆಗೆ ಒತ್ತಬೇಕಾದ ಗುಂಡಿ.

ನಿಜವಾಗಿಯೂ ಕೆಟ್ಟಿದೆಯೇ?

ಶೇಕಡಾವಾರು ಅಂಕಿ ನಿಂತ ಮಾತ್ರಕ್ಕೆ ಅಪ್‌ಗ್ರೇಡ್ ಸತ್ತಿದೆ ಎಂದಲ್ಲ. ಎಸ್‌ಎಸ್‌ಡಿ ಇಲ್ಲದ, ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ಒಂದೇ ಅಂಕಿಯ ಮೇಲೆ ಒಂದು ಗಂಟೆ ಕೂರುವುದು ಮಾಮೂಲಿ. ಡಿಸ್ಕಿನ ದೀಪ ಆಗೊಮ್ಮೆ ಈಗೊಮ್ಮೆ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ. ಚಾರ್ಜರ್ ಹಾಕಿ, ಪೆನ್‌ಡ್ರೈವ್, ಪ್ರಿಂಟರ್, ಡಾಂಗಲ್ ಎಲ್ಲ ಕಿತ್ತು, ಮೂರು ಗಂಟೆ ಸುಮ್ಮನೆ ಬಿಡಿ. ಅಷ್ಟಾದ ಮೇಲೂ ದೀಪ ಸತ್ತಂತಿದ್ದರೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು ಆರಿಸಿ.

‘ಅನ್‌ಡೂಯಿಂಗ್ ಚೇಂಜಸ್’ ಎಂದು ತೋರಿಸುತ್ತಿದ್ದರೆ ಮಾತ್ರ ಆರಿಸಲೇಬೇಡಿ. ಆಗ ಅದು ಹಳೆಯ ವಿಂಡೋಸ್ ಅನ್ನು ವಾಪಸ್ ಕೂರಿಸುತ್ತಿರುತ್ತದೆ. ಆ ಹೊತ್ತಿನಲ್ಲಿ ಕರೆಂಟ್ ಕಿತ್ತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಮಳೆಗಾಲದ ಸಂಜೆ ಅಪ್‌ಗ್ರೇಡ್ ಶುರುಮಾಡಬಾರದು ಎನ್ನುವುದು ಇದಕ್ಕೇ.

ಇನ್ನೊಂದು ಪ್ರಕರಣ ಕೆಟ್ಟಂತೆ ಕಾಣುತ್ತದೆ, ಕೆಟ್ಟಿರುವುದಿಲ್ಲ. ವಿಂಡೋಸ್ 11ಕ್ಕೆ ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆ ಬೇಕು ಎಂದು ಓದಿ ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಏಳುವ ಯಂತ್ರದ ಮೂಲ ಸೆಟ್ಟಿಂಗ್ ಪರದೆಗೆ ಹೋಗಿ ‘ಲೆಗಸಿ’ ಇದ್ದುದನ್ನು ‘ಯುಇಎಫ್‌ಐ’ ಮಾಡುತ್ತಾರೆ. ಮರುಕ್ಷಣ ‘ನೋ ಬೂಟಬಲ್ ಡಿವೈಸ್’, ಅಂದರೆ ಬೂಟ್ ಆಗಲು (ಏಳಲು) ಡಿಸ್ಕೇ ಇಲ್ಲ ಎಂಬ ಸಂದೇಶ. ಡಿಸ್ಕಿಗೆ ಏನೂ ಆಗಿಲ್ಲ. ಅದು ಹಳೆಯ ಎಂಬಿಆರ್ ಪದ್ಧತಿಯಲ್ಲಿ ಭಾಗವಾಗಿದೆ, ಯುಇಎಫ್‌ಐಗೆ ಬೇಕಿರುವುದು ಜಿಪಿಟಿ. ಬಯಾಸ್‌ಗೆ ಮರಳಿ ಲೆಗಸಿ ಮಾಡಿ, ಯಂತ್ರ ಎಂದಿನಂತೆ ಏಳುತ್ತದೆ. ಆಮೇಲೆ ವಿಂಡೋಸ್ ಒಳಗೇ ಇರುವ ‘ಎಂಬಿಆರ್‌ಟುಜಿಪಿಟಿ’ ಎಂಬ ಟೂಲ್‌ನಿಂದ ಪರಿವರ್ತಿಸಿಕೊಂಡು, ಅದಾದ ಮೇಲಷ್ಟೇ ಯುಇಎಫ್‌ಐಗೆ ತಿರುಗಿಸಬೇಕು. ಇಷ್ಟು ಗೊತ್ತಿಲ್ಲದೆ ಡಿಸ್ಕ್ ಫಾರ್ಮ್ಯಾಟ್ ಮಾಡಿಸಿಕೊಂಡವರು ಬಹಳ ಮಂದಿ.

ತಾನಾಗಿ ಹಿಂದಕ್ಕೆ ಬರುವ ವ್ಯವಸ್ಥೆ: ಐದಕ್ಕೆ ನಾಲ್ಕೂವರೆ

ಇಡೀ ಪೆಟ್ಟಿಗೆಯ ಅತ್ಯುತ್ತಮ ಟೂಲ್‌ಗಳಲ್ಲಿ ಒಂದಕ್ಕೆ ಗುಂಡಿಯೇ ಇಲ್ಲ. ಅಪ್‌ಗ್ರೇಡ್ ನಾಲ್ಕು ಹಂತಗಳಲ್ಲಿ ನಡೆಯುತ್ತದೆ: ಹಳೆಯ ವಿಂಡೋಸ್ ಓಡುತ್ತಿರುವಾಗಲೇ ಫೈಲ್ ಜೋಡಣೆ, ಆಮೇಲೆ ‘ಸೇಫ್ ಓಎಸ್’ ಎಂಬ ಪುಟ್ಟ ವಿಂಡೋಸ್‌ನಲ್ಲಿ ಅದಲುಬದಲು, ಆಮೇಲೆ ಹೊಸ ವಿಂಡೋಸ್‌ನ ಮೊದಲ ಬೂಟ್, ಕೊನೆಗೆ ಎರಡನೆಯ ಬೂಟ್. ಎಲ್ಲಿ ಎಡವಿದರೂ ಹಳೆಯದನ್ನು ವಾಪಸ್ ತರಲು ಸೆಟಪ್ ತಾನೇ ಪ್ರಯತ್ನಿಸುತ್ತದೆ, ಹೆಚ್ಚಿನ ಸಲ ಗೆಲ್ಲುತ್ತದೆ. ಅರ್ಧ ಅಂಕ ಕಳೆದದ್ದು ಅದು ಕೊಡುವ ಕಾರಣದ ಭಾಷೆಗೆ. ಒಂದು ಕೋಡ್ ಎಸೆದು ಸುಮ್ಮನಾಗುತ್ತದೆ.

ಆ ಕೋಡ್ ಓದುವುದನ್ನು ಕಲಿತರೆ ಅರ್ಧ ಕೆಲಸ ಮುಗಿಯಿತು. ಎಲ್ಲ ಕೋಡ್‌ಗಳ ಮುಂದೆ ಸೊನ್ನೆ ಮತ್ತು ಎಕ್ಸ್ ಇರುತ್ತವೆ, ಇಲ್ಲಿ ಅವನ್ನು ಬಿಟ್ಟು ಬರೆದಿದೆ. 80070070 ಎಂದರೆ ಸಿ ಡ್ರೈವ್‌ನಲ್ಲಿ ಜಾಗ ಸಾಲದು. ಕನಿಷ್ಠ 30 ಜಿಬಿ ಖಾಲಿ ಮಾಡಿಕೊಂಡು ಮತ್ತೆ ಹೊರಡಿ. ಸಿ1900208 ಎಂದರೆ ಹೊಂದದ ಸಾಫ್ಟ್‌ವೇರ್ ಒಂದು ಅಡ್ಡ ನಿಂತಿದೆ. ಸಿ1900200 ಎಂದರೆ ಯಂತ್ರ ಕನಿಷ್ಠ ಅರ್ಹತೆ ಮುಟ್ಟಿಲ್ಲ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇದ್ದೂ ಬಯಾಸ್‌ನಲ್ಲಿ ಆರಿಸಿಟ್ಟಿರಬಹುದು, ಇಂಟೆಲ್ ಬೋರ್ಡ್‌ಗಳಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. 800ಎಫ್0922 ಬಂದರೆ ಬೂಟ್ ಫೈಲ್‌ಗಳಿರುವ ಸಣ್ಣ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ತುಂಬಿಹೋಗಿರುವ ಸಾಧ್ಯತೆ ಇದೆ. ಪಾರ್ಟಿಷನ್ ಹಿಗ್ಗಿಸುವುದು ಹೊಸಬರು ಕೈಹಾಕುವ ಕೆಲಸವಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಣುವುದು ಸಿ1900101. ಇದು ಬಹುತೇಕ ಡ್ರೈವರ್, ಅಂದರೆ ಯಂತ್ರದ ಭಾಗಗಳನ್ನು ನಡೆಸುವ ಪುಟ್ಟ ಸಾಫ್ಟ್‌ವೇರ್‌ನ ಗಲಾಟೆ. ಇದರ ಪಕ್ಕದಲ್ಲಿ ಇನ್ನೊಂದು ಸಣ್ಣ ಕೋಡ್ ಇರುತ್ತದೆ, 20017 ಅಥವಾ 30018 ಅಥವಾ 4000ಡಿ ಎಂದು. ಅದರ ಮೊದಲ ಅಂಕಿಯೇ ಹಂತದ ಸಂಖ್ಯೆ: 2 ಎಂದರೆ ಸೇಫ್ ಓಎಸ್, 3 ಎಂದರೆ ಮೊದಲ ಬೂಟ್, 4 ಎಂದರೆ ಎರಡನೆಯ ಬೂಟ್. 2ರಲ್ಲಿ ನಿಂತರೆ ಯುಎಸ್‌ಬಿ ಸಾಧನಗಳನ್ನೆಲ್ಲ ಕಿತ್ತು, ಬಯಾಸ್ ಮತ್ತು ಡಿಸ್ಕ್ ಡ್ರೈವರ್ ಹೊಸದು ಮಾಡಿ. 3 ಅಥವಾ 4ರಲ್ಲಿ ನಿಂತರೆ ಮೊದಲ ಅನುಮಾನ ಡಿಸ್‌ಪ್ಲೇ ಡ್ರೈವರ್ ಮೇಲೆ, ಎರಡನೆಯದು ಬೇರೆ ಕಂಪನಿಯ ಆಂಟಿವೈರಸ್ ಮೇಲೆ. ಆಂಟಿವೈರಸ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಿದರೆ ಸಾಲದು, ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಬೇಕು.

ಕೋಡ್ ನೋಡುವುದು ತಪ್ಪಿಹೋಗಿದ್ದರೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನೊಳಗೆ ‘ಲಾಗ್ಸ್’, ಅದರೊಳಗೆ ‘ಸೆಟಪ್‌ಡಯಾಗ್’ ತೆರೆದು ನೋಡಿ. ಸೋತ ಕಾರಣವನ್ನು ಅಲ್ಲಿ ಬರೆದಿಟ್ಟಿರುತ್ತದೆ, ಡ್ರೈವರ್ ಹೆಸರೇ ಸಿಕ್ಕುವುದೂ ಉಂಟು. ಇಷ್ಟು ಒಳ್ಳೆಯ ಮಾಹಿತಿಯನ್ನು ಯಾರಿಗೂ ಕಾಣದ ಮೂಲೆಯಲ್ಲಿ ಇಟ್ಟಿರುವುದು ಬೇಸರದ ಸಂಗತಿ.

ನೀಲಿ ಪರದೆಗೆ ದಾರಿ, ಮತ್ತು ಬೀಗ

ಹಳೆಯದೂ ಏಳದೆ ಹೊಸದೂ ಏಳದೆ ಇದ್ದರೆ ವಿಂಡೋಸ್ ರಿಕವರಿ ಎನ್ವಿರಾನ್‌ಮೆಂಟ್‌ಗೆ ಹೋಗಬೇಕು. ಬೂಟ್ ಎರಡು ಸಲ ಸತತವಾಗಿ ಸೋತರೆ ಅದು ತಾನೇ ತೆರೆಯುತ್ತದೆ. ತೆರೆಯದಿದ್ದರೆ, ಕಂಪನಿಯ ಲೋಗೋ ಕೆಳಗೆ ಚುಕ್ಕಿಗಳು ತಿರುಗಲು ಶುರುವಾದ ಕೂಡಲೇ ಪವರ್ ಬಟನ್ ಒತ್ತಿಹಿಡಿದು ಆರಿಸಿ. ಹೀಗೆ ಎರಡು ಮೂರು ಸಲ ಮಾಡಿದರೆ ನೀಲಿ ಪರದೆ ಬರುತ್ತದೆ. ಲಾಗಿನ್ ಪರದೆಯವರೆಗೆ ಬರುವ ಯಂತ್ರವಾದರೆ ಶಿಫ್ಟ್ ಹಿಡಿದು ‘ರಿಸ್ಟಾರ್ಟ್’ ಒತ್ತಿದರೆ ಸಾಕು.

ಇಲ್ಲಿಗೆ ಬಂದ ಮೇಲೆ ಕೀಬೋರ್ಡ್, ಮೌಸ್ ಸತ್ತಂತಿದ್ದರೆ ಹಾರ್ಡ್‌ವೇರ್ ಕೆಟ್ಟಿದೆ ಎಂದುಕೊಳ್ಳಬೇಡಿ. 2025ರ ಅಕ್ಟೋಬರ್ 14ರ ಭದ್ರತಾ ಅಪ್‌ಡೇಟ್‌ನಿಂದಾಗಿ ವಿಂಡೋಸ್ 11ರ ರಿಕವರಿಯೊಳಗೆ ಯುಎಸ್‌ಬಿ ಕೀಬೋರ್ಡ್, ಮೌಸ್ ಕೆಲಸ ನಿಲ್ಲಿಸಿದ್ದವು, ಅಕ್ಟೋಬರ್ 20ಕ್ಕೆ ತುರ್ತು ಅಪ್‌ಡೇಟ್ ಬಂತು. ಆ ಆರು ದಿನಗಳ ನಡುವೆ ಅಪ್‌ಡೇಟ್ ಆಗಿ ನಿಂತುಹೋದ ಯಂತ್ರಕ್ಕೆ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದಲೇ (ಅದರ ವಿವರ ಮುಂದಿದೆ) ಬೂಟ್ ಮಾಡಬೇಕು.

ಇನ್ನು ಬೀಗದ ವಿಷಯ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿದ್ದರೆ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗಿರುವ ಸಂಭವ ಹೆಚ್ಚು. ಮಾಲೀಕರಿಗೇ ಅದು ಗೊತ್ತಿರುವುದಿಲ್ಲ. ರಿಕವರಿಗೆ ಹೋದ ಕೂಡಲೇ ಬಿಟ್‌ಲಾಕರ್ ಎಂಬ ಈ ಬೀಗ 48 ಅಂಕಿಗಳ ಕೀ ಕೇಳುತ್ತದೆ. ಹೆದರಬೇಡಿ, ಫೋನ್ ತೆಗೆಯಿರಿ. ಅದೇ ಮೈಕ್ರೋಸಾಫ್ಟ್ ಅಕೌಂಟ್‌ಗೆ ಬ್ರೌಸರ್‌ನಲ್ಲಿ ಲಾಗಿನ್ ಆಗಿ ‘ಡಿವೈಸಸ್’ ಭಾಗಕ್ಕೆ ಹೋದರೆ ಬಿಟ್‌ಲಾಕರ್ ರಿಕವರಿ ಕೀಗಳು ಸಿಗುತ್ತವೆ. ಪರದೆಯ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರ ಹೋಲುವ ಕೀಯನ್ನೇ ಆರಿಸಬೇಕು. ಕಾಲೇಜು, ಆಫೀಸಿನ ಅಕೌಂಟ್ ಆದರೆ ಕೀ ಅಲ್ಲಿನ ಐಟಿ ವಿಭಾಗದ ಬಳಿ ಇರುತ್ತದೆ.

ಕಾಗದದ ಮೇಲೆ ಬರೆದಿಟ್ಟ ಕೀ ಸರಿಯಿದೆಯೇ ಎಂದು ನೋಡಲು ಒಂದು ಸರಳ ಪರೀಕ್ಷೆ ಇದೆ. 48 ಅಂಕಿಗಳು ಆರಾರರಂತೆ ಎಂಟು ಗುಂಪು. ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. 135795 ಎಂದಿದ್ದರೆ ಭಾಗಿಸಿದಾಗ 12345 ಬರುತ್ತದೆ, ಸರಿ. ಅದನ್ನೇ 135796 ಎಂದು ತಪ್ಪಾಗಿ ಬರೆದಿದ್ದರೆ ದಶಾಂಶ ಉಳಿಯುತ್ತದೆ. ಅಂದರೆ 1 ಮತ್ತು 7, 0 ಮತ್ತು 6 ಅದಲುಬದಲಾದ ಕೈಬರಹದ ಕೀಯಲ್ಲಿ ಯಾವ ಗುಂಪು ತಪ್ಪು ಎಂದು ಫೋನಿನ ಕ್ಯಾಲ್ಕುಲೇಟರೇ ಹೇಳಿಬಿಡುತ್ತದೆ. ಕೀ ಎಲ್ಲೂ ಇಲ್ಲದಿದ್ದರೆ ಆ ಡಿಸ್ಕಿನಲ್ಲಿರುವುದು ಯಾರ ಕೈಗೂ ಬಾರದು. ಬಿಡಿಸಿಕೊಡುತ್ತೇವೆ ಎನ್ನುವ ಅಂಗಡಿಯ ಮಾತು ನಂಬಿ ಮುಂಗಡ ಕೊಡಬೇಡಿ.

ಮೊದಲು ಫೈಲ್ ಎತ್ತಿ

ಯಾವ ರಿಪೇರಿಗೂ ಮುಂಚೆ ಮಾಡಬೇಕಾದ್ದು ಇದು. ಇದಕ್ಕೆ ಮೆನುವಿನಲ್ಲಿ ಒಂದು ಗುಂಡಿಯೂ ಇಲ್ಲ ಎನ್ನುವುದೇ ಈ ಟೂಲ್‌ಗಳ ಅತಿ ದೊಡ್ಡ ಕೊರತೆ. ದಾರಿ ಇದೆ, ಸ್ವಲ್ಪ ಸುತ್ತು.

ನೀಲಿ ಪರದೆಯಲ್ಲಿ ‘ಟ್ರಬಲ್‌ಶೂಟ್’, ಅಲ್ಲಿಂದ ‘ಅಡ್ವಾನ್ಸ್‌ಡ್ ಆಪ್ಷನ್ಸ್’, ಅಲ್ಲಿಂದ ‘ಕಮಾಂಡ್ ಪ್ರಾಂಪ್ಟ್’. ಕಪ್ಪು ಕಿಟಕಿಯಲ್ಲಿ ನೋಟ್‌ಪ್ಯಾಡ್ ಎಂಬುದನ್ನು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಟೈಪಿಸಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ತೆರೆಯುತ್ತದೆ. ‘ಫೈಲ್’ ಮೆನುವಿನ ‘ಓಪನ್’ ಒತ್ತಿ, ಕೆಳಗಿನ ಪಟ್ಟಿಯಲ್ಲಿ ‘ಟೆಕ್ಸ್ಟ್ ಡಾಕ್ಯುಮೆಂಟ್ಸ್’ ಇರುವಲ್ಲಿ ‘ಆಲ್ ಫೈಲ್ಸ್’ ಮಾಡಿ. ಈಗ ಆ ಪುಟ್ಟ ಕಿಟಕಿಯೇ ಫೈಲ್ ಎಕ್ಸ್‌ಪ್ಲೋರರ್. ಎಡಬದಿಯ ‘ದಿಸ್ ಪಿಸಿ’ಯಿಂದ ನಿಮ್ಮ ಡ್ರೈವ್‌ಗೆ ಹೋಗಿ. ಇಲ್ಲಿ ಅಕ್ಷರಗಳು ಬದಲಾಗಿರಬಹುದು: ಸಿ ಎಂದು ತಿಳಿದದ್ದು ಡಿ ಆಗಿ ಕಂಡೀತು. ಎಕ್ಸ್ ಎಂಬುದು ರಿಕವರಿಯದೇ ತಾತ್ಕಾಲಿಕ ಡ್ರೈವ್, ಅದರಲ್ಲಿ ನಿಮ್ಮದೇನೂ ಇಲ್ಲ. ‘ಯೂಸರ್ಸ್’ ಫೋಲ್ಡರ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಇರುವ ಡ್ರೈವ್ ಸರಿಯಾದದ್ದು. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಕಾಪಿ. ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಡಿಸ್ಕಿಗೆ ಹೋಗಿ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ಪೇಸ್ಟ್.

ಎಡವುವುದು ಮೂರು ಕಡೆ. ಒಂದು, ಕಾಪಿ ನಡೆಯುವಾಗ ಹಸಿರು ಪಟ್ಟಿ ಕಾಣುವುದಿಲ್ಲ, ಕಿಟಕಿ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ಪೆನ್‌ಡ್ರೈವ್ ದೀಪ ಮಿನುಗುವುದು ನಿಲ್ಲುವವರೆಗೆ ಕಾಯಬೇಕು. ಎರಡು, ಫ್ಯಾಟ್32 ಇರುವ ಪೆನ್‌ಡ್ರೈವ್‌ಗೆ 4 ಜಿಬಿ ಮೀರಿದ ಒಂದು ಫೈಲ್ ಹೋಗುವುದಿಲ್ಲ. ಮದುವೆ ವಿಡಿಯೋ ಇದ್ದರೆ ಪೆನ್‌ಡ್ರೈವ್ ಅನ್ನು ಬೇರೆ ಕಂಪ್ಯೂಟರ್‌ನಲ್ಲಿ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ ತನ್ನಿ. ಮೂರು, ‘ಡೆಸ್ಕ್‌ಟಾಪ್’ ಫೋಲ್ಡರ್ ಖಾಲಿ ಕಂಡರೆ ಎದೆ ಹೊಡೆದುಕೊಳ್ಳಬೇಡಿ. ಒನ್‌ಡ್ರೈವ್ ಬಳಸುವ ಯಂತ್ರಗಳಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಒನ್‌ಡ್ರೈವ್ ಫೋಲ್ಡರ್‌ನ ಒಳಗಿರುತ್ತವೆ. ಮೋಡದ ಗುರುತಿದ್ದ ಫೈಲ್‌ಗಳು ಡಿಸ್ಕಿನಲ್ಲೇ ಇಲ್ಲ, ಅವು ಆನ್‌ಲೈನ್‌ನಲ್ಲಿ ಕ್ಷೇಮ.

ಏನೇನು ಎತ್ತಬೇಕು? ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲರಿಗೂ ಹೊಳೆಯುತ್ತವೆ. ಮರೆಯುವುದು ಅಂಗಡಿಯ ಲೆಕ್ಕ. ಟ್ಯಾಲಿಪ್ರೈಮ್ ತನ್ನ ಡೇಟಾವನ್ನು ಸಾಮಾನ್ಯವಾಗಿ ಇಡುವುದು ‘ಯೂಸರ್ಸ್’ ಒಳಗಿನ ‘ಪಬ್ಲಿಕ್’ ಫೋಲ್ಡರ್‌ನಲ್ಲಿ, ನಿಮ್ಮ ಹೆಸರಿನ ಫೋಲ್ಡರ್‌ನಲ್ಲಲ್ಲ. ಹಳೆಯ ಟ್ಯಾಲಿ ಇಆರ್‌ಪಿ 9 ಆದರೆ ಸಿ ಡ್ರೈವ್‌ನ ಬುಡದಲ್ಲೇ ಅದರದೇ ಫೋಲ್ಡರ್ ಇರುತ್ತದೆ. ಬ್ರೌಸರ್‌ನ ಬುಕ್‌ಮಾರ್ಕ್, ಉಳಿಸಿಟ್ಟ ಪಾಸ್‌ವರ್ಡ್ ಇರುವುದು ‘ಆಪ್‌ಡೇಟಾ’ ಎಂಬ ಅಡಗಿದ ಫೋಲ್ಡರ್‌ನಲ್ಲಿ. ಮುಂದೆ ರಿಸೆಟ್ ಮಾಡಬೇಕಾಗಿ ಬಂದರೆ ಅದು ಉಳಿಯುವುದಿಲ್ಲ.

ಕನ್ನಡ ಟೈಪಿಂಗ್ ಮಾಡುವವರಿಗೆ ಇನ್ನೊಂದು ಮಾತು. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ, ಅಂದರೆ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪಿಸಿದ ಕಡತಗಳು ರಿಸೆಟ್ ಅಥವಾ ಹೊಸ ಇನ್‌ಸ್ಟಾಲ್ ಆದ ಮೇಲೆ ತೆರೆದರೆ ಇಂಗ್ಲಿಷ್ ಅಕ್ಷರ ಮತ್ತು ವಿಚಿತ್ರ ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಕಡತ ಹಾಳಾಗಿಲ್ಲ. ವಿಂಡೋಸ್ ಜೊತೆ ಫಾಂಟ್ ಫೋಲ್ಡರ್ ಹೊಸದಾಗಿ, ನೀವು ಹಾಕಿದ್ದ ಫಾಂಟ್ ಹೋಗಿದೆ. ಮತ್ತೆ ಅದೇ ನುಡಿಯನ್ನೋ ಬರಹವನ್ನೋ ಇನ್‌ಸ್ಟಾಲ್ ಮಾಡಿದರೆ ಅಕ್ಷರಗಳು ಮೊದಲಿನಂತೆ ಮೂಡುತ್ತವೆ. ‘ವೈರಸ್ ಬಂದಿದೆ’ ಎಂದು ಆ ಕಡತಗಳನ್ನು ಅಳಿಸಿಬಿಡುವ ಆತುರ ಬೇಡ. ಬಳಸುತ್ತಿದ್ದ ಫಾಂಟ್‌ಗಳನ್ನು ‘ವಿಂಡೋಸ್’ ಒಳಗಿನ ‘ಫಾಂಟ್ಸ್’ ಫೋಲ್ಡರ್‌ನಿಂದ ಈಗಲೇ ಕಾಪಿ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಸ್ಟಾರ್ಟಪ್ ರಿಪೇರಿ: ಐದಕ್ಕೆ ಎರಡು

ಹೆಸರು ದೊಡ್ಡದು, ಕೆಲಸ ಚಿಕ್ಕದು. ಬೂಟ್ ಫೈಲ್‌ಗಳು ಕೆಟ್ಟಿದ್ದರೆ ಸರಿಮಾಡುತ್ತದೆ. ಡ್ರೈವರ್ ತಪ್ಪಿದ್ದರೆ, ಅಪ್‌ಗ್ರೇಡ್ ಅರ್ಧವಾಗಿದ್ದರೆ ‘ಕುಡಂಟ್ ರಿಪೇರ್’ ಎಂದು ಕೈಚೆಲ್ಲುತ್ತದೆ. ಒಂದು ಸಲ ಓಡಿಸಿ, ಹೆಚ್ಚೆಂದರೆ ಎರಡು ಸಲ. ಹತ್ತು ಸಲ ಓಡಿಸಿದರೆ ಹತ್ತು ಸಲವೂ ಅದೇ ಉತ್ತರ. ಹಾನಿಯೇನೂ ಮಾಡುವುದಿಲ್ಲ ಎನ್ನುವುದಕ್ಕೆ ಆ ಎರಡು ಅಂಕ.

ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಇದರ ಪಕ್ಕಕ್ಕೆ ‘ಕ್ವಿಕ್ ಮಷೀನ್ ರಿಕವರಿ’ ಬಂದಿದೆ. ರಿಕವರಿಯೊಳಗಿಂದಲೇ ಇಂಟರ್ನೆಟ್‌ಗೆ ಹೋಗಿ, ಮೈಕ್ರೋಸಾಫ್ಟ್ ಬಳಿ ಪರಿಹಾರವಿದ್ದರೆ ಇಳಿಸಿಕೊಳ್ಳುತ್ತದೆ. ಒಂದೇ ತೊಂದರೆ ಲಕ್ಷಾಂತರ ಯಂತ್ರಗಳಿಗೆ ಒಮ್ಮೆಗೇ ಬಂದಾಗ ಇದು ಉಪಕಾರಿ. ನಿಮ್ಮೊಬ್ಬರ ಲ್ಯಾಪ್‌ಟಾಪ್‌ನ ಹಳೆಯ ಡ್ರೈವರ್‌ಗೆ ಇದರಿಂದ ಹೆಚ್ಚೇನೂ ನಿರೀಕ್ಷಿಸಬೇಡಿ.

ಸೇಫ್ ಮೋಡ್: ಐದಕ್ಕೆ ನಾಲ್ಕು

ಕಪ್ಪು ಪರದೆ, ಬರೀ ಬಾಣ ಇರುವ ಪ್ರಕರಣಕ್ಕೆ ಇದೇ ಮದ್ದು. ಮೊದಲು ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ ನೋಡಿ. ಡಿಸ್‌ಪ್ಲೇ ಡ್ರೈವರ್ ಮರುಶುರುವಾಗುತ್ತದೆ, ಕೆಲವೊಮ್ಮೆ ಅಷ್ಟಕ್ಕೇ ಪರದೆ ಬಂದುಬಿಡುತ್ತದೆ. ಬಾರದಿದ್ದರೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’ನಲ್ಲಿ ‘ಸ್ಟಾರ್ಟಪ್ ಸೆಟ್ಟಿಂಗ್ಸ್’, ‘ರಿಸ್ಟಾರ್ಟ್’, ಆಮೇಲೆ ಬರುವ ಪಟ್ಟಿಯಲ್ಲಿ 4 ಒತ್ತಿ. ಇಂಟರ್ನೆಟ್ ಬೇಕೆಂದರೆ 5. ಇಲ್ಲಿ ಪಿನ್ ಕೆಲಸ ಮಾಡದೆ ಅಕೌಂಟಿನ ಪೂರ್ತಿ ಪಾಸ್‌ವರ್ಡ್ ಕೇಳುವುದುಂಟು, ಅದನ್ನು ನೆನಪಿಟ್ಟುಕೊಂಡೇ ಹೋಗಿ. ಒಳಗೆ ಹೋದ ಮೇಲೆ ‘ಡಿವೈಸ್ ಮ್ಯಾನೇಜರ್’ ತೆರೆದು, ‘ಡಿಸ್‌ಪ್ಲೇ ಅಡಾಪ್ಟರ್ಸ್’ ಕೆಳಗಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ. ಆಂಟಿವೈರಸ್ ಇದ್ದರೆ ಅದರದೇ ತೆಗೆಯುವ ಟೂಲ್ ಓಡಿಸಿ. ಮಾಮೂಲಿಯಾಗಿ ರಿಸ್ಟಾರ್ಟ್ ಮಾಡಿ.

ಹಿಂದಿನ ಆವೃತ್ತಿಗೆ ಮರಳುವುದು: ಐದಕ್ಕೆ ನಾಲ್ಕು

ವಿಂಡೋಸ್ 11 ಎದ್ದಿದೆ, ಆದರೆ ವೈಫೈ ಇಲ್ಲ, ಪ್ರಿಂಟರ್ ಇಲ್ಲ, ಅಥವಾ ಗಳಿಗೆಗೊಮ್ಮೆ ಬೀಳುತ್ತಿದೆ ಎಂದಾದರೆ ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ರಿಕವರಿ’, ‘ಗೋ ಬ್ಯಾಕ್’. ಒಳಗೇ ಹೋಗಲಾಗದಿದ್ದರೆ ನೀಲಿ ಪರದೆಯ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ನಲ್ಲಿ ಎರಡು ಆಯ್ಕೆಗಳಿವೆ. ‘ಕ್ವಾಲಿಟಿ ಅಪ್‌ಡೇಟ್’ ಎಂದರೆ ತಿಂಗಳ ಅಪ್‌ಡೇಟ್, ‘ಫೀಚರ್ ಅಪ್‌ಡೇಟ್’ ಎಂದರೆ ಇಡೀ ಆವೃತ್ತಿಯ ಬದಲಾವಣೆ. ನಿಮಗೆ ಬೇಕಿರುವುದು ಎರಡನೆಯದು. ನಿಮ್ಮ ಫೈಲ್‌ಗಳು ಉಳಿಯುತ್ತವೆ, ಅಪ್‌ಗ್ರೇಡ್ ಆದ ಮೇಲೆ ಹಾಕಿದ ಸಾಫ್ಟ್‌ವೇರ್ ಹೋಗುತ್ತದೆ. ಹಳೆಯ ಪಾಸ್‌ವರ್ಡ್ ಬದಲಿಸಿದ್ದರೆ ಹಿಂದಿನದೇ ಬೇಕಾಗುತ್ತದೆ.

ಗಡುವು 10 ದಿನ. ಹಳೆಯ ವಿಂಡೋಸ್ ಎಲ್ಲವೂ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್‌ನಲ್ಲಿ ಇರುತ್ತದೆ, ಹತ್ತು ದಿನ ಕಳೆದ ಮೇಲೆ ವಿಂಡೋಸ್ ಅದನ್ನು ಅಳಿಸುತ್ತದೆ. ಡಿಸ್ಕ್ ತುಂಬಿದೆ ಎಂದು ‘ಡಿಸ್ಕ್ ಕ್ಲೀನಪ್’ನಲ್ಲಿ ಎಲ್ಲದಕ್ಕೂ ಟಿಕ್ ಹಾಕಿದವರು ತಮ್ಮ ಕೈಯಾರೆ ವಾಪಸ್ ದಾರಿ ಮುಚ್ಚಿಕೊಳ್ಳುತ್ತಾರೆ. ‘ಡಿಸ್ಮ್’ ಎಂಬ ಟೂಲ್‌ನಿಂದ ಈ ಗಡುವನ್ನು 60 ದಿನಗಳವರೆಗೆ ಹಿಗ್ಗಿಸಬಹುದು, ಆದರೆ ಹತ್ತು ದಿನ ಮುಗಿಯುವ ಮೊದಲೇ ಮಾಡಬೇಕು. ಪ್ರಿಂಟರ್ ತಿಂಗಳಿಗೊಮ್ಮೆ, ಜಿಎಸ್‌ಟಿಯ ಡಿಜಿಟಲ್ ಸಹಿ ಟೋಕನ್ ತಿಂಗಳಿಗೊಮ್ಮೆ ಬಳಸುವ ಅಂಗಡಿಗೆ ಹತ್ತು ದಿನ ಏನೇನೂ ಸಾಲದು. ಒಂದು ಅಂಕ ಕಡಿಮೆಯಾದದ್ದು ಅಲ್ಲಿ. ಅಪ್‌ಗ್ರೇಡ್ ಆದ ದಿನವೇ ಪ್ರಿಂಟರ್, ಸ್ಕ್ಯಾನರ್, ಟೋಕನ್, ಟ್ಯಾಲಿ ನಾಲ್ಕನ್ನೂ ಒಮ್ಮೆ ಓಡಿಸಿ ನೋಡಿ.

ಇದನ್ನು ಸಿಸ್ಟಮ್ ರಿಸ್ಟೋರ್, ಅಂದರೆ ಸೆಟ್ಟಿಂಗ್‌ಗಳನ್ನಷ್ಟೇ ಹಿಂದಿನ ಸ್ಥಿತಿಗೆ ಒಯ್ಯುವ ಟೂಲ್ ಜೊತೆ ಕಲಸಿಕೊಳ್ಳಬೇಡಿ. ವಿಂಡೋಸ್ 11ರಿಂದ 10ಕ್ಕೆ ಅದು ಒಯ್ಯಲಾರದು.

ಇನ್‌ಸ್ಟಾಲ್ ಪೆನ್‌ಡ್ರೈವ್: ಐದಕ್ಕೆ ಐದು, ಒಂದು ಎಚ್ಚರಿಕೆಯೊಂದಿಗೆ

ಕನಿಷ್ಠ 8 ಜಿಬಿಯ ಪೆನ್‌ಡ್ರೈವ್, ಓಡುವ ಇನ್ನೊಂದು ವಿಂಡೋಸ್ ಕಂಪ್ಯೂಟರ್, ಮೈಕ್ರೋಸಾಫ್ಟ್ ತಾಣದ ‘ಮೀಡಿಯಾ ಕ್ರಿಯೇಷನ್ ಟೂಲ್’. ಇಷ್ಟೇ ಸಾಮಗ್ರಿ. ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಯುತ್ತದೆ, ಫೈಲ್ ಎತ್ತಿದ ಪೆನ್‌ಡ್ರೈವ್ ಅನ್ನೇ ಇದಕ್ಕೆ ಕೊಡಬೇಡಿ. ಡೌನ್‌ಲೋಡ್ 4 ಜಿಬಿಗೂ ಹೆಚ್ಚು. ದಿನಕ್ಕೆ ಒಂದೂವರೆ ಎರಡು ಜಿಬಿಯ ಮೊಬೈಲ್ ಪ್ಯಾಕ್ ಇರುವವರು ಹಾಟ್‌ಸ್ಪಾಟ್‌ನಲ್ಲಿ ಶುರುಮಾಡಿ ಅರ್ಧಕ್ಕೆ ನಿಲ್ಲುವ ಬದಲು ಫೈಬರ್ ಇರುವ ಮನೆಯಲ್ಲೋ ಸೈಬರ್ ಸೆಂಟರ್‌ನಲ್ಲೋ ಮಾಡಿಕೊಳ್ಳುವುದು ಲೇಸು.

ಬೂಟ್ ಮೆನು ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9, ಅಸೂಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12, ಆದರೆ ಅದನ್ನು ಬಯಾಸ್‌ನಲ್ಲಿ ಮೊದಲು ಚಾಲೂ ಮಾಡಬೇಕಾಗಬಹುದು.

ಎಚ್ಚರಿಕೆ ಇದು. 24ಎಚ್2 ನಂತರದ ಸೆಟಪ್‌ನಲ್ಲಿ ಎರಡು ಆಯ್ಕೆ ಪಕ್ಕಪಕ್ಕ ಬರುತ್ತವೆ: ‘ಇನ್‌ಸ್ಟಾಲ್ ವಿಂಡೋಸ್ 11’ ಮತ್ತು ‘ರಿಪೇರ್ ಮೈ ಪಿಸಿ’. ಮೊದಲನೆಯದರ ಕೆಳಗೆ ಫೈಲ್, ಆಪ್, ಸೆಟ್ಟಿಂಗ್ ಎಲ್ಲ ಅಳಿಯುವುದಕ್ಕೆ ಒಪ್ಪಿಗೆ ಎಂಬ ಟಿಕ್ ಇದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಫೈಲ್, ಆಪ್ ಎಲ್ಲ ಉಳಿಸಿಕೊಂಡು ಇನ್‌ಸ್ಟಾಲ್ ಮಾಡಲು ಸಾಧ್ಯವಿಲ್ಲ. ‘ರಿಪೇರ್’ ಒತ್ತಿದರೆ ಮೊದಲು ಹೇಳಿದ ನೀಲಿ ಪರದೆಯೇ ತೆರೆಯುತ್ತದೆ, ಈ ಸಲ ಕೆಡದ ಪ್ರತಿಯಿಂದ. ನೋಟ್‌ಪ್ಯಾಡ್ ದಾರಿಯೂ ಅಲ್ಲಿ ನಡೆಯುತ್ತದೆ.

ಡ್ರೈವ್ ಪಟ್ಟಿಯೇ ಖಾಲಿ ಬಂದರೆ ಡಿಸ್ಕ್ ಸತ್ತಿದೆ ಎಂದುಕೊಳ್ಳುವ ಮೊದಲು ಪ್ರೊಸೆಸರ್ ನೋಡಿ. ಇಂಟೆಲ್ 11ನೇ ಪೀಳಿಗೆ ಮತ್ತು ಆಮೇಲಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಇರುತ್ತದೆ, ಅದರ ಡ್ರೈವರ್ ಇಲ್ಲದೆ ಸೆಟಪ್‌ಗೆ ಎಸ್‌ಎಸ್‌ಡಿ ಕಾಣದು. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ, ಅದೇ ಪೆನ್‌ಡ್ರೈವ್‌ನ ಒಂದು ಫೋಲ್ಡರ್‌ನಲ್ಲಿಟ್ಟು ‘ಲೋಡ್ ಡ್ರೈವರ್’ನಿಂದ ತೋರಿಸಿ. ಬಯಾಸ್‌ನಲ್ಲಿ ವಿಎಂಡಿ ಆರಿಸಿದರೆ ಡಿಸ್ಕ್ ಕಾಣುತ್ತದೆ ನಿಜ, ಆದರೆ ಒಳಗಿರುವ ವಿಂಡೋಸ್ ಅದೇ ಕಾರಣಕ್ಕೆ ಏಳದೆ ಹೋಗಬಹುದು.

ಯಂತ್ರ ಹೇಗೋ ಎದ್ದು ಕುಂಟುತ್ತಿದೆ ಎಂದಾದರೆ ಇದೇ ಪೆನ್‌ಡ್ರೈವ್‌ನ ನಿಜವಾದ ಬೆಲೆ ತಿಳಿಯುತ್ತದೆ. ವಿಂಡೋಸ್ ಒಳಗಿನಿಂದಲೇ ಪೆನ್‌ಡ್ರೈವ್ ತೆರೆದು ‘ಸೆಟಪ್’ ಡಬಲ್ ಕ್ಲಿಕ್ ಮಾಡಿ. ‘ಕೀಪ್ ಪರ್ಸನಲ್ ಫೈಲ್ಸ್ ಆಂಡ್ ಆಪ್ಸ್’ ಎಂದು ಬಂದರೆ ಮುಂದುವರಿಯಿರಿ. ಇಡೀ ವಿಂಡೋಸ್ ಹೊಸದಾಗುತ್ತದೆ, ಟ್ಯಾಲಿ, ನುಡಿ, ಪ್ರಿಂಟರ್ ಎಲ್ಲ ಇದ್ದಲ್ಲೇ ಇರುತ್ತವೆ. ಆ ಸಾಲು ಬೂದುಬಣ್ಣಕ್ಕೆ ತಿರುಗಿದ್ದರೆ ಅಲ್ಲಿಗೇ ನಿಲ್ಲಿಸಿ. ಭಾಷೆಯೋ ಹೋಮ್, ಪ್ರೋ ಆವೃತ್ತಿಯೋ ಹೊಂದಿಲ್ಲ ಎಂದರ್ಥ. ಅಮೆರಿಕದ ಇಂಗ್ಲಿಷ್ ಇರುವ ಯಂತ್ರಕ್ಕೆ ‘ಇಂಗ್ಲಿಷ್ ಇಂಟರ್‌ನ್ಯಾಷನಲ್’ ಪೆನ್‌ಡ್ರೈವ್ ಮಾಡಿಕೊಂಡು ಬರುವುದು ತೀರಾ ಸಾಮಾನ್ಯ ತಪ್ಪು.

ವಿಂಡೋಸ್ 11ರಲ್ಲೇ ಈ ಕೆಲಸಕ್ಕೆ ಪೆನ್‌ಡ್ರೈವ್ ಇಲ್ಲದ ದಾರಿಯೂ ಇದೆ. ‘ರಿಕವರಿ’ ಪುಟದ ‘ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್’ ಪಕ್ಕದ ‘ರೀಇನ್‌ಸ್ಟಾಲ್ ನೌ’ ಫೈಲ್, ಆಪ್, ಸೆಟ್ಟಿಂಗ್ ಮೂರನ್ನೂ ಉಳಿಸುತ್ತದೆ. ಹೊಸಬರಿಗೆ ಇದಕ್ಕಿಂತ ಸುಲಭವಾದದ್ದು ಇಲ್ಲ.

ರಿಸೆಟ್ ದಿಸ್ ಪಿಸಿ: ಐದಕ್ಕೆ ಎರಡೂವರೆ

‘ಕೀಪ್ ಮೈ ಫೈಲ್ಸ್’ ಎನ್ನುವುದು ಅರ್ಧ ಸತ್ಯ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಉಳಿಯುತ್ತವೆ. ಹಾಕಿಕೊಂಡ ಸಾಫ್ಟ್‌ವೇರ್ ಅಷ್ಟೂ ಹೋಗುತ್ತದೆ, ಹೋದವುಗಳ ಪಟ್ಟಿಯೊಂದನ್ನು ಡೆಸ್ಕ್‌ಟಾಪ್ ಮೇಲೆ ಇಟ್ಟು ಹೋಗುತ್ತದೆ. ‘ರಿಮೂವ್ ಎವರಿಥಿಂಗ್’ ಹೆಸರೇ ಹೇಳುವಂತೆ. ಎರಡೂ ಒಂದೇ ಗಾತ್ರದ ಗುಂಡಿಗಳಾಗಿ ಒಂದರ ಕೆಳಗೊಂದು ಕೂತಿರುವುದು ಇಡೀ ವಿನ್ಯಾಸದ ಅತಿ ಕೆಟ್ಟ ತೀರ್ಮಾನ. ಮುಂದೆ ‘ಕ್ಲೌಡ್ ಡೌನ್‌ಲೋಡ್’ ಅಥವಾ ‘ಲೋಕಲ್’ ಎಂದು ಕೇಳುತ್ತದೆ. ಅಪ್‌ಗ್ರೇಡ್ ಕೆಟ್ಟ ಯಂತ್ರದಲ್ಲಿ ಒಳಗಿನ ಫೈಲ್‌ಗಳೇ ಅನುಮಾನಾಸ್ಪದ, ಆದ್ದರಿಂದ ಸಾಕಷ್ಟು ಇಂಟರ್ನೆಟ್ ಡೇಟಾ ಇದ್ದರೆ ಕ್ಲೌಡ್. 2025ರ ಆಗಸ್ಟ್ ತಿಂಗಳ ಅಪ್‌ಡೇಟ್‌ಗಳಿಂದ ವಿಂಡೋಸ್ 10 ಮತ್ತು 11ರ ಕೆಲವು ಆವೃತ್ತಿಗಳಲ್ಲಿ ರಿಸೆಟ್ ಕೆಲಸವೇ ಮಾಡದೆ ಸೋಲುತ್ತಿತ್ತು, ಆ ತಿಂಗಳ 19ಕ್ಕೆ ತಿದ್ದುಪಡಿ ಬಂತು. ಆ ನಡುವಿನಲ್ಲಿ ನಿಂತುಹೋದ ಯಂತ್ರಕ್ಕೆ ರಿಸೆಟ್ ಬದಲು ಪೆನ್‌ಡ್ರೈವ್ ದಾರಿ ಹಿಡಿಯಿರಿ.

ರಿಪೇರಿಗೆ ಬಾರದ ಒಂದು ವರ್ಗವೂ ಇದೆ. ಅರ್ಹತೆಯ ತಪಾಸಣೆ ತಪ್ಪಿಸಿ ತೀರಾ ಹಳೆಯ ಪ್ರೊಸೆಸರ್ ಮೇಲೆ 24ಎಚ್2 ಹತ್ತಿಸಿದರೆ, ಎಸ್‌ಎಸ್‌ಇ 4.2 ಸೂಚನೆಗಳಿಲ್ಲದ ಕೋರ್ 2 ಕಾಲದ ಯಂತ್ರ ಏಳುವುದೇ ಇಲ್ಲ. ಅಲ್ಲಿ ಹಳೆಯದಕ್ಕೆ ಮರಳುವುದೊಂದೇ ದಾರಿ.

ಅಂಗಡಿಗೆ ಒಯ್ಯಬೇಕಾಗಿ ಬಂದರೆ

ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಪಕ್ಕದ ಮಳಿಗೆಯಾಗಲಿ, ಏಳದ ಯಂತ್ರಕ್ಕೆ ಬೇಗ ಸಿಗುವ ಉತ್ತರ ಫಾರ್ಮ್ಯಾಟ್. ಅದು ಅವರಿಗೆ ಅರ್ಧ ಗಂಟೆಯ ಕೆಲಸ. ಯಂತ್ರ ಕೊಡುವಾಗಲೇ ರಸೀದಿಯ ಮೇಲೆ ‘ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಎಂದು ಬರೆಸಿ. ಕಂಡ ಎರರ್ ಕೋಡ್‌ನ ಫೋಟೋ ತೋರಿಸಿ, ಯಾವ ಟೂಲ್ ಓಡಿಸಿ ಆಗಿದೆ ಎಂದು ಹೇಳಿ. ಡೇಟಾ ಎತ್ತಲು ಎಂ.2 ಎಸ್‌ಎಸ್‌ಡಿಯನ್ನು ಕಳಚಿ ಯುಎಸ್‌ಬಿ ಕೇಸ್‌ಗೆ ಹಾಕುವುದು ಸರಿಯಾದ ಕ್ರಮ, ಕೇಸ್ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಯದೋ ಸಾಟಾ ಬಗೆಯದೋ ಎಂದು ನೋಡಿಕೊಳ್ಳಬೇಕು, ಎರಡೂ ಒಂದೇ ಅಲ್ಲ. ಹಾಗೆ ಕಳಚಿದ ಡಿಸ್ಕ್ ಕೂಡ ಬಿಟ್‌ಲಾಕರ್ ಇದ್ದರೆ ಅದೇ 48 ಅಂಕಿ ಕೇಳುತ್ತದೆ. ಆ ಕೀಯನ್ನು ಬರೆದು ಕೊಟ್ಟು ಬರಬೇಡಿ, ಅಲ್ಲೇ ನಿಂತು ನೀವೇ ಟೈಪಿಸಿ.